201 ಅಂಕಿಗಳ ಆ ಸಂಖ್ಯೆಯ ಒಡಲಲ್ಲಿ ಏನಿದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಶಕುಂತಲಾ ದೇವಿಯವರು 1977ರಲ್ಲಿ ಅಮೆರಿಕದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು ಮನಸ್ಸಿನಲ್ಲೇ ಲೆಕ್ಕ ಮಾಡಿ ಹೇಳಿದ ಸಂಗತಿಯನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಆ ಸಂಖ್ಯೆಗೆ ಎಷ್ಟು ಭಾಜಕಗಳಿವೆ?” ಎಂದು ಕೇಳಿದಳು. ಅಷ್ಟು ದೊಡ್ಡ ಸಂಯುಕ್ತ ಸಂಖ್ಯೆಗಳನ್ನು ಒಡೆಯಲು ಕಂಪ್ಯೂಟರಿಗೂ ಸಾಧ್ಯವಾಗುವುದಿಲ್ಲ, ಬ್ಯಾಂಕ್ ವ್ಯವಹಾರದ ಗೋಪ್ಯತೆ ನಿಂತಿರುವುದೇ ಅದರ ಮೇಲೆ ಎಂದು ನಾನು ಓದಿದ್ದೇನೆ. ಆಕೆಗೆ ಏನು ಉತ್ತರ ಕೊಡಲಿ?

ಉತ್ತರ: ಮೊದಲು ಆ ವಿದ್ಯಾರ್ಥಿನಿಗೆ ನನ್ನ ಮೆಚ್ಚುಗೆ ತಿಳಿಸಿ. ಈ ಪ್ರಸಂಗವನ್ನು ಕೇಳಿದವರೆಲ್ಲ ಅವರು 50 ಸೆಕೆಂಡಿನಲ್ಲಿ ಉತ್ತರ ಹೇಳಿದ ವೇಗಕ್ಕೆ ಬೆರಗಾಗಿ ಅಲ್ಲಿಗೇ ನಿಲ್ಲುತ್ತಾರೆ. ಆಕೆ ಸಂಖ್ಯೆಯ ಕಡೆಗೇ ತಿರುಗಿ ನೋಡಿದ್ದಾಳೆ. ಅವಳ ಪ್ರಶ್ನೆಗೆ ನಿಖರವಾದ ಉತ್ತರವಿದೆ: 1,680. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದನ್ನು ಕಂಡುಹಿಡಿಯಲು ದೊಡ್ಡ ಕಂಪ್ಯೂಟರ್ ಬೇಕಿಲ್ಲ, ಒಂದು ನೋಟ್‌ಬುಕ್ಕೂ ಸ್ವಲ್ಪ ತಾಳ್ಮೆಯೂ ಇದ್ದರೆ ಸಾಕು. ನೀವು ಓದಿದ್ದೂ ಸುಳ್ಳಲ್ಲ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂಬುದನ್ನು ಕಡೆಯಲ್ಲಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರಿಗೆ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಸಂಖ್ಯೆ 9167 ಎಂದು ಆರಂಭವಾಗಿ 6771 ಎಂದು ಮುಗಿಯುತ್ತದೆ. ಅದಕ್ಕೆ ಅವರು ಹೇಳಿದ ಉತ್ತರ 54,63,72,891. ಅಂದರೆ 546372891 ಎಂಬ ಸಂಖ್ಯೆಯನ್ನು 23 ಸಲ ಬರೆದು ಗುಣಿಸಿದರೆ ಆ 201 ಅಂಕಿಗಳ ಸಂಖ್ಯೆ ಬರುತ್ತದೆ. ಅಲ್ಲಿಗೆ ಅದು ಅವಿಭಾಜ್ಯವಲ್ಲ, ಸಂಯುಕ್ತ ಎಂಬುದು ಖಚಿತವಾಯಿತು. ಅದರ ಅವಿಭಾಜ್ಯ ಅಪವರ್ತನಗಳು ಮೂಲದ ಅವಿಭಾಜ್ಯ ಅಪವರ್ತನಗಳೇ, ಒಂದೊಂದೂ ಮೂಲದಲ್ಲಿ ಬಂದದ್ದರ 23 ಪಟ್ಟು ಸಲ ಬರುತ್ತದೆ. ಹಾಗಾಗಿ 201 ಅಂಕಿಗಳ ಸಂಖ್ಯೆಯನ್ನು ಬದಿಗಿಟ್ಟು ಒಂಬತ್ತು ಅಂಕಿಗಳ ಮೂಲವನ್ನು ಒಡೆದರೆ ಆಯಿತು.

ಈ ಮೂಲವನ್ನು ಒಮ್ಮೆ ನಿಧಾನವಾಗಿ ನೋಡಿ: 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿವೆ. ಬಂದಿರುವ ಕ್ರಮವನ್ನೂ ಗಮನಿಸಿ. ನಡುವಿನ 5ರಿಂದ ಹೊರಟು ಒಂದು ಹೆಜ್ಜೆ ಕೆಳಗೆ, ಒಂದು ಹೆಜ್ಜೆ ಮೇಲೆ, ಮತ್ತೆ ಕೆಳಗೆ, ಮತ್ತೆ ಮೇಲೆ. ಹೀಗೆಯೇ ಸಾಗಿದ್ದರೆ ಕೊನೆಗೆ 1, 9 ಬರಬೇಕಿತ್ತು. ಅಲ್ಲಿ ಮಾತ್ರ ತಿರುವುಮುರುವಾಗಿ 9, 1 ಬಂದಿದೆ. ಯಂತ್ರ ಯಾದೃಚ್ಛಿಕವಾಗಿ ಉದುರಿಸಿದ ಸಂಖ್ಯೆಗೆ ಇಂಥ ಹೆಣಿಗೆ ಇರುವುದಿಲ್ಲ, ಯಾರೋ ಕೂತು ಜೋಡಿಸಿದ ಸಂಖ್ಯೆ ಇದು. ಅಂಕಿಗಳನ್ನು ಹಾರದಂತೆ ಪೋಣಿಸುವ ಈ ಆಸೆ ನಮ್ಮ ನಾಡಿಗೆ ಹೊಸದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ ಎಂಬಂಥ ಲೆಕ್ಕಗಳನ್ನು ಕೊಟ್ಟು, ಅಂಥ ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದರು.

ಒಂದರಿಂದ ಒಂಬತ್ತರವರೆಗಿನ ಅಂಕಿಗಳ ಮೊತ್ತ 45. ಆದ್ದರಿಂದ ಅವನ್ನು ಯಾವ ಕ್ರಮದಲ್ಲಿ ಜೋಡಿಸಿದರೂ ಬರುವ ಸಂಖ್ಯೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ನಮ್ಮ ಮೂಲವನ್ನು 9ರಿಂದ ಭಾಗಿಸಿದರೆ 6,07,08,099. ಇದರ ಅಂಕಿಗಳ ಮೊತ್ತ 39, ಹಾಗಾಗಿ ಇನ್ನೊಮ್ಮೆ 3ರಿಂದ ಭಾಗವಾಗುತ್ತದೆ. ಉಳಿಯುವುದು 2,02,36,033. ಇದರ ಅಂಕಿಗಳ ಮೊತ್ತ 19. ಮೂರರ ಕೆಲಸ ಇಲ್ಲಿಗೆ ಮುಗಿಯಿತು.

ಈಗ ಈ 20236033ನ್ನು ಒಡೆಯಬೇಕು. ನಾನು ನಿಮ್ಮ ವಿದ್ಯಾರ್ಥಿಗಳು ಮಾಡುವ ಹಾಗೆಯೇ ಚಿಕ್ಕ ಅವಿಭಾಜ್ಯಗಳಿಂದ ಭಾಗಿಸುತ್ತ ಹೊರಟೆ. 7ರಿಂದ ಭಾಗಿಸಿದರೆ ಶೇಷ 6. 11ಕ್ಕೆ ಶೇಷ 4. 13ಕ್ಕೆ ಶೇಷ 12, ಒಂದೇ ಒಂದು ಹೆಚ್ಚಿದ್ದರೆ ಭಾಗವಾಗುತ್ತಿತ್ತು! 17ಕ್ಕೆ 15, 19ಕ್ಕೆ 7. ನೂರರೊಳಗಿನ ಯಾವ ಅವಿಭಾಜ್ಯಕ್ಕೂ ಅದು ಮಣಿಯಲಿಲ್ಲ. ಹೀಗೆ ಎಲ್ಲಿಯವರೆಗೆ ಹೋಗಬೇಕು? ಇದರ ವರ್ಗಮೂಲ 4,498ಕ್ಕಿಂತ ತುಸು ಹೆಚ್ಚು. ಅದು ಸಂಯುಕ್ತವಾಗಿದ್ದರೆ 4,498ರೊಳಗೆ ಒಂದಾದರೂ ಅವಿಭಾಜ್ಯ ಭಾಜಕ ಇರಲೇಬೇಕು. ಅಷ್ಟರೊಳಗೆ ಇರುವ ಅವಿಭಾಜ್ಯಗಳು 610. ಅಂದರೆ 610 ಭಾಗಾಕಾರ. ಒಂದು ತರಗತಿಯ ಮಕ್ಕಳು ಹಂಚಿಕೊಂಡರೆ ಒಂದು ಮಧ್ಯಾಹ್ನದ ಕೆಲಸ, ಒಬ್ಬರೇ ಮಾಡುವುದಾದರೆ ಬೇಸರ.

ಬೇಸರ ತಪ್ಪಿಸಲು ಒಂದು ಒಳದಾರಿಯಿದೆ, ಅದನ್ನು ವಿವರವಾಗಿಯೇ ಹೇಳುತ್ತೇನೆ. 20236033ರಲ್ಲಿ ಒಂದನ್ನು ಕಳೆದರೆ 20236032. ಅದರ ಕಾಲುಭಾಗ 50,59,008. ಇದು 64 × 79,047 ಎಂದು ಒಡೆಯುತ್ತದೆ, 79,047 ಬೆಸ ಸಂಖ್ಯೆ. ಈಗ 2ರ 50,59,008ನೇ ಘಾತವನ್ನು 20236033ರಿಂದ ಭಾಗಿಸಿದಾಗ ಬರುವ ಶೇಷವನ್ನು ಕಂಡುಹಿಡಿಯಬೇಕು. ಐವತ್ತು ಲಕ್ಷ ಸಲ ಗುಣಿಸಬೇಕೇ ಎಂದು ಗಾಬರಿಯಾಗಬೇಡಿ. ವರ್ಗ ಮಾಡಿ, ಭಾಗಿಸಿ, ಶೇಷವನ್ನಷ್ಟೇ ಇಟ್ಟುಕೊಂಡು ಮತ್ತೆ ವರ್ಗ ಮಾಡುತ್ತ ಹೋದರೆ 22 ಮೆಟ್ಟಿಲುಗಳಲ್ಲಿ ಅಲ್ಲಿಗೆ ಮುಟ್ಟುತ್ತೇವೆ, ನಡುನಡುವೆ ಕೆಲವು ಸಲ 2ರಿಂದ ಗುಣಿಸಿದರೆ ಸಾಕು. ಎಂಟಂಕಿಗಳ ವರ್ಗಗಳನ್ನು ನಾನು ಕಾಗದದ ಮೇಲೆಯೇ ಮಾಡಿದೆ. ಕೊನೆಯ ಮೆಟ್ಟಿಲಿನಲ್ಲಿ ಬಂದ ಶೇಷ 20236032. ಭಾಜಕಕ್ಕಿಂತ ಸರಿಯಾಗಿ ಒಂದು ಕಡಿಮೆ, ಅಂದರೆ −1. ಅಷ್ಟೆಲ್ಲ ಒರಟು ಅಂಕಿಗಳ ನಡುವಿನಿಂದ ಇದು ಎದ್ದು ಬಂದಾಗ ಆಗುವ ಸಂತೋಷವನ್ನು ನಿಮ್ಮ ವಿದ್ಯಾರ್ಥಿನಿಯೂ ಒಮ್ಮೆ ಅನುಭವಿಸಲಿ.

ಈ −1 ಹೇಳುವುದೇನು? 20236033ಕ್ಕೆ ಯಾವುದೇ ಅವಿಭಾಜ್ಯ ಭಾಜಕವಿದ್ದರೂ ಆ ಭಾಜಕವನ್ನು 128ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಗಣಿತಜ್ಞ ಫರ್ಮಾ ಅವರ ಕಿರು ಪ್ರಮೇಯದಿಂದ (ಅವಿಭಾಜ್ಯವೊಂದರಿಂದ ಭಾಗವಾಗದ ಸಂಖ್ಯೆಯನ್ನು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ ಅದರಿಂದಲೇ ಭಾಗಿಸಿದರೆ ಶೇಷ 1) ಎರಡು ಸಾಲಿನಲ್ಲಿ ಹೊರಡುವ ಫಲಿತಾಂಶ ಇದು: 2ರ ಘಾತಗಳು ಆ ಭಾಜಕದ ಲೆಕ್ಕದಲ್ಲಿ ಮೊದಲ ಸಲ 1ಕ್ಕೆ ಮರಳುವ ಸುತ್ತಿನ ಉದ್ದ 128ರ ಅಪವರ್ತ್ಯವಾಗಿರಬೇಕು (−1 ಬಂದ ಘಾತದಲ್ಲಿ 64 ಇತ್ತು, −1ರ ವರ್ಗ 1 ಆದ್ದರಿಂದ ಅದರ ಇಮ್ಮಡಿ), ಆ ಉದ್ದ ಭಾಜಕಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಬೇಕು. 4,498ರೊಳಗೆ ಈ ಷರತ್ತಿಗೆ ಒಪ್ಪುವ ಅವಿಭಾಜ್ಯಗಳು ಒಂಬತ್ತೇ: 257, 641, 769, 1153, 1409, 2689, 3329, 3457, 4481. ಇವುಗಳಿಂದ ಭಾಗಿಸಿದರೆ ಶೇಷ ಕ್ರಮವಾಗಿ 110, 304, 567, 883, 1384, 1308, 2371, 2212, 4318. ಒಂದರಲ್ಲೂ ಸೊನ್ನೆ ಬರಲಿಲ್ಲ. 610 ಭಾಗಾಕಾರಗಳ ಜಾಗದಲ್ಲಿ ಒಂಬತ್ತೇ ಸಾಕಾದವು, 20236033 ಅವಿಭಾಜ್ಯವೆಂದು ಸಾಬೀತಾಯಿತು.

ಹಾಗಾದರೆ ಮೂಲ = 3³ × 20236033. 201 ಅಂಕಿಗಳ ಸಂಖ್ಯೆ = 3⁶⁹ × 20236033²³. ಎರಡೇ ಎರಡು ಅವಿಭಾಜ್ಯಗಳಿಂದ ಕಟ್ಟಿದ ಮನೆ. ಇದರಲ್ಲಿ ಮೂರರ ಪಾಲು 33 ಅಂಕಿಗಳ ಸಂಖ್ಯೆ, ಇನ್ನೊಂದರ ಪಾಲು 169 ಅಂಕಿಗಳದ್ದು.

ಭಾಜಕಗಳನ್ನು ಎಣಿಸುವುದು ಇನ್ನು ಸುಲಭ. ಒಂದು ಭಾಜಕವನ್ನು ಕಟ್ಟಬೇಕೆಂದರೆ ಎಷ್ಟು ಮೂರುಗಳನ್ನು ತೆಗೆದುಕೊಳ್ಳಬೇಕು ಎಂದು ನಿರ್ಧರಿಸಿ. ಒಂದೂ ಬೇಡ ಎನ್ನುವುದರಿಂದ 69ರವರೆಗೆ 70 ಆಯ್ಕೆಗಳಿವೆ. ದೊಡ್ಡ ಅವಿಭಾಜ್ಯಕ್ಕೆ 0ಯಿಂದ 23ರವರೆಗೆ 24 ಆಯ್ಕೆ. ಎಪ್ಪತ್ತು ಇಪ್ಪತ್ನಾಲ್ಕಲೆ 1,680. ಇವುಗಳಲ್ಲಿ ಪೂರ್ಣ ವರ್ಗಗಳು 35 × 12 = 420. ಸ್ವತಃ 23ನೇ ಘಾತಗಳಾಗಿರುವ ಭಾಜಕಗಳು ಎಂಟು ಮಾತ್ರ, ಅದು ಮೂಲಸಂಖ್ಯೆಯ ಭಾಜಕಗಳ ಎಣಿಕೆಗೆ ಸರಿಸಮ. ಇನ್ನೊಂದು ಚೆಂದದ ಗುಣವೂ ಇದೆ: ಈ ಸಂಖ್ಯೆಯನ್ನು ಬಿಟ್ಟು ಉಳಿದ 1,679 ಭಾಜಕಗಳನ್ನು ಕೂಡಿದರೆ ಸಂಖ್ಯೆಯ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಸಂಖ್ಯೆಯ ಮೂರನೇ ಒಂದು ಭಾಗ, ಒಂಬತ್ತನೇ ಒಂದು ಭಾಗ, ಇಪ್ಪತ್ತೇಳನೇ ಒಂದು ಭಾಗ ಎಂದು ಕೂಡಿಸುತ್ತ ಹೋದರೆ ಅರ್ಧದ ಅಂಚಿಗೆ ಮುಟ್ಟುತ್ತದೆ. ಎರಡು ಕೋಟಿಗೂ ಮಿಕ್ಕಿದ ಆ ಇನ್ನೊಂದು ಅವಿಭಾಜ್ಯ ಸೇರಿಸುವುದು ಅತ್ಯಲ್ಪ.

ಇನ್ನು ಅದು 23ನೇ ಘಾತ ಎಂಬ ಗುಣ ಎಷ್ಟು ಅಪರೂಪವಾದದ್ದು? 201 ಅಂಕಿಗಳ ಸಂಖ್ಯೆಗಳು ಒಟ್ಟು 9ರ ಮುಂದೆ 200 ಸೊನ್ನೆ ಹಾಕಿದಷ್ಟಿವೆ. ಅವುಗಳಲ್ಲಿ 23ನೇ ಘಾತಗಳಾಗಿರುವುದು ಸುಮಾರು 5.22 ಕೋಟಿ ಮಾತ್ರ. ಏಕೆಂದರೆ ಮೂಲವು ಸುಮಾರು 49.62 ಕೋಟಿ ಮತ್ತು 54.84 ಕೋಟಿಯ ನಡುವೆ ಇರಲೇಬೇಕು. ಅದಕ್ಕಿಂತ ಚಿಕ್ಕದಾದರೆ 201 ಅಂಕಿ ತುಂಬುವುದಿಲ್ಲ, ದೊಡ್ಡದಾದರೆ ಮೀರುತ್ತದೆ. ಅಂಕಿಗಳನ್ನು ಎಣಿಸಿದ ಮಾತ್ರಕ್ಕೇ ಇಷ್ಟು ತಿಳಿಯುತ್ತದೆ! ಆರಂಭದ 9167 ಎಂಬ ನಾಲ್ಕು ಅಂಕಿಗಳಿಗೆ ಲಾಗರಿದಮ್ ಹಿಡಿದು 23ರಿಂದ ಭಾಗಿಸಿದರೆ ಮೂಲ 54.637 ಕೋಟಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬಾಲದ ಕಡೆಯಿಂದ ನೋಡಿ. ಬೆಸ ಸಂಖ್ಯೆಯೊಂದು 5ರಲ್ಲಿ ಮುಗಿಯದಿದ್ದರೆ ಅದರ 23ನೇ ಘಾತದ ಕೊನೆಯ ಎರಡು ಅಂಕಿಗಳೂ ಅದರ ಘನದ ಕೊನೆಯ ಎರಡು ಅಂಕಿಗಳೂ ಒಂದೇ. 91ರ ಘನ 753571, ಕೊನೆಗೆ 71. ನಮ್ಮ ದೊಡ್ಡ ಸಂಖ್ಯೆಯ ಕೊನೆಗೂ 71. ಘನ 71ರಲ್ಲಿ ಮುಗಿಯುವಂಥ ಎರಡಂಕಿಯ ಬಾಲ 91 ಬಿಟ್ಟರೆ ಬೇರೊಂದಿಲ್ಲ.

ಇದನ್ನೇ ಮುಂದುವರಿಸಿದರೆ ಇನ್ನೂ ಆಶ್ಚರ್ಯದ ಮಾತು ಸಿಗುತ್ತದೆ. ಸಂಖ್ಯೆ 23ನೇ ಘಾತವೆಂದು ಮೊದಲೇ ಗೊತ್ತಿದ್ದರೆ, ಅದರ ಮೊದಲ ಒಂಬತ್ತು ಅಂಕಿಗಳಲ್ಲೇ ಪೂರ್ತಿ ಉತ್ತರ ಅಡಗಿದೆ. ಕೊನೆಯ ಒಂಬತ್ತು ಅಂಕಿಗಳಲ್ಲೂ ಪ್ರತ್ಯೇಕವಾಗಿ ಅದೇ ಉತ್ತರ ಅಡಗಿದೆ. ನಡುವಿನ 183 ಅಂಕಿಗಳು ಹೊಸದಾಗಿ ಏನನ್ನೂ ಹೇಳುವುದಿಲ್ಲ. ಇದರಿಂದ ಶಕುಂತಲಾ ದೇವಿಯವರ ಸಾಧನೆ ಕಿರಿದಾಯಿತೆಂದು ಯಾರೂ ತಿಳಿಯಬಾರದು. ಒಂಬತ್ತು ಅಂಕಿಗಳ ನಿಖರತೆಯನ್ನು ಕಾಗದ, ಕೋಷ್ಟಕ ಯಾವುದೂ ಇಲ್ಲದೆ 50 ಸೆಕೆಂಡಿನಲ್ಲಿ ತಲೆಯೊಳಗೇ ಹಿಡಿಯುವುದು ಎಂಥ ಸಾಧನೆಯೆಂದು ಲಾಗರಿದಮ್ ಪುಸ್ತಕ ಹಿಡಿದು ಒಮ್ಮೆ ಕೂತವರಿಗೆ ಗೊತ್ತು. ಸಂಖ್ಯೆಗಳೊಂದಿಗೆ ಅಂಥ ಸಲುಗೆ ಇದ್ದವರನ್ನು ನಮ್ಮ ನಾಡು ಕೊಟ್ಟಿತೆಂಬ ಹೆಮ್ಮೆ ನನಗೆ ಸದಾ ಇದೆ.

ಮಕ್ಕಳಿಗೆ ಹಲಗೆಯ ಮೇಲೆ ತೋರಿಸಲು ಇನ್ನೊಂದು ಗುಣ ಹೇಳುತ್ತೇನೆ. ಯಾವುದೇ ಸಂಖ್ಯೆಯ 23ನೇ ಘಾತವನ್ನು 47ರಿಂದ ಭಾಗಿಸಿ. ಶೇಷ 0, 1 ಅಥವಾ 46, ಈ ಮೂರರಲ್ಲಿ ಒಂದೇ ಬರುತ್ತದೆ. 47ರಲ್ಲಿ ಒಂದು ಕಳೆದರೆ 46, ಅದು 23ರ ಇಮ್ಮಡಿ, ಗುಟ್ಟು ಇರುವುದು ಅಲ್ಲಿ. ನಮ್ಮ ಸಂಖ್ಯೆಗೆ ಪರೀಕ್ಷಿಸೋಣ. 546372891ನ್ನು 47ರಿಂದ ಭಾಗಿಸಿದರೆ ಶೇಷ 6. ಹತ್ತು ಹತ್ತಲೆ ನೂರು, ನೂರರಲ್ಲಿ 94 ಹೋದರೆ ಉಳಿಯುವುದೂ 6. ಅಂದರೆ 47ರ ಲೆಕ್ಕದಲ್ಲಿ 6 ಎಂದರೂ ಒಂದೇ, 10ರ ವರ್ಗ ಎಂದರೂ ಒಂದೇ. 6ರ 23ನೇ ಘಾತ 10ರ 46ನೇ ಘಾತವಾಯಿತು, ಫರ್ಮಾ ಅವರ ಪ್ರಮೇಯದ ಪ್ರಕಾರ ಅದರ ಶೇಷ 1. ಹಾಗಾಗಿ 201 ಅಂಕಿಗಳ ಆ ಸಂಖ್ಯೆಯನ್ನು 47ರಿಂದ ಭಾಗಿಸಿದರೆ ಉಳಿಯುವುದು 1. ಸಂಖ್ಯೆಯನ್ನು ಪೂರ್ತಿ ಬರೆಯದೆಯೇ, ಅದರ ನಡುವಿನ ಅಂಕಿಗಳನ್ನು ನೋಡದೆಯೇ ಇದನ್ನು ಹೇಳಿಬಿಟ್ಟೆವು.

ಈಗ ನಿಮ್ಮ ಎರಡನೇ ಮಾತಿಗೆ ಬರುತ್ತೇನೆ. ಅದೇ 1977ರ ಆಗಸ್ಟ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ಗಣಿತ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಅವರು ಇನ್ನೊಂದು ಸಂಖ್ಯೆಯನ್ನು ಅಚ್ಚು ಹಾಕಿಸಿದರು. ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ರೂಪಿಸಿದ ಗೂಢಲಿಪಿಯ ಸವಾಲು ಅದು. ಅದರಲ್ಲಿ ಇದ್ದದ್ದು 129 ಅಂಕಿಗಳು, ನಮ್ಮ ಸಂಖ್ಯೆಗಿಂತ 72 ಅಂಕಿ ಕಡಿಮೆ. ಅದನ್ನು ಒಡೆದು ಅಡಗಿಸಿಟ್ಟ ಸಂದೇಶ ಓದಿದವರಿಗೆ 100 ಡಾಲರ್ ಬಹುಮಾನ. ಆಗ ರಿವೆಸ್ಟ್ ಅವರ ಅಂದಾಜಿನ ಪ್ರಕಾರ ಅದನ್ನು ಒಡೆಯಲು 4ರ ಮುಂದೆ 16 ಸೊನ್ನೆ ಹಾಕಿದಷ್ಟು ವರ್ಷಗಳು ಬೇಕಿದ್ದವು. ಅಷ್ಟೇನೂ ಆಗಲಿಲ್ಲ, ಆದರೆ 17 ವರ್ಷ ಹಿಡಿಯಿತು. ಹೊಸ ವಿಧಾನಗಳು ಹುಟ್ಟಿ, ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಸುಮಾರು ಎಂಟು ತಿಂಗಳು ದುಡಿಸಿದ ಮೇಲೆ 1994ರ ಏಪ್ರಿಲ್‌ನಲ್ಲಿ ಅದು 64 ಅಂಕಿ ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳಾಗಿ ಒಡೆಯಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಡಲ್ಲಾಸಿನ ಸಂಖ್ಯೆಗೆ 1,680 ಭಾಜಕಗಳು, ಇದಕ್ಕೆ ಬರೀ ನಾಲ್ಕು: 1, ಆ ಎರಡು ಅವಿಭಾಜ್ಯಗಳು, ಮತ್ತೆ ಅದೇ ಸಂಖ್ಯೆ. ಡಲ್ಲಾಸಿನ ಸಂಖ್ಯೆಯನ್ನು ಮೂರು ಎಂಬ ಅತಿ ಚಿಕ್ಕ ಉಳಿಯಿಂದ ತಟ್ಟಿದರೆ ಸಾಕು, 69 ಸಲ ಚಕ್ಕೆ ಏಳುತ್ತದೆ. ಇದರಲ್ಲಿ 64 ಅಂಕಿಗಳವರೆಗೆ ಉಳಿಗೆ ಸಿಗುವ ಸಂದಿಯೇ ಇಲ್ಲ. ಸಂಖ್ಯೆ ಒಡೆಯಲು ಗಡುಸಾಗಿರುವುದಕ್ಕೂ ಅದರ ಉದ್ದಕ್ಕೂ ಇರುವ ನಂಟು ನಾವು ಭಾವಿಸುವಷ್ಟು ನೇರವಾದದ್ದಲ್ಲ. ಅದು ಎಂಥ ಅವಿಭಾಜ್ಯಗಳಿಂದ ಕಟ್ಟಲ್ಪಟ್ಟಿದೆ ಎಂಬುದೇ ಮುಖ್ಯ. ಗೋಪ್ಯತೆಗೆ ಬಳಸುವವರು ಎರಡು ಭಾರಿ ಅವಿಭಾಜ್ಯಗಳನ್ನು ಬೇಕೆಂದೇ ಆರಿಸಿಕೊಳ್ಳುತ್ತಾರೆ. ನೀವು ಓದಿದ ಮಾತು ಅಂಥ, ಇನ್ನೂ ಉದ್ದವಾದ ಸಂಖ್ಯೆಗಳಿಗೆ ಸಲ್ಲುತ್ತದೆ.

ಡಲ್ಲಾಸಿನ ಸಂಖ್ಯೆಯನ್ನು ಮೂಲ ಹೇಳದೆ ಒಬ್ಬ ಗಣಿತಜ್ಞರ ಕೈಗೆ ಕೊಟ್ಟಿದ್ದರೂ ಅದು ಬಹಳ ಹೊತ್ತು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು 2002ರಲ್ಲಿ ಕೊಟ್ಟ ಪ್ರಸಿದ್ಧ ಅವಿಭಾಜ್ಯತೆಯ ಪರೀಕ್ಷೆಯಲ್ಲಿ ಮೊದಲ ಹೆಜ್ಜೆಯೇ, ಕೊಟ್ಟ ಸಂಖ್ಯೆ ಯಾವುದಾದರೂ ಚಿಕ್ಕ ಸಂಖ್ಯೆಯ ಪೂರ್ಣ ಘಾತವೇ ಎಂದು ನೋಡುವುದು. ವರ್ಗವೇ, ಘನವೇ, ಐದನೇ ಘಾತವೇ ಎಂದು ಕೇಳುತ್ತ ಹೋದರೆ 23ರಲ್ಲಿ ಅದು ಬಾಯಿ ಬಿಡುತ್ತದೆ.

ವಿದ್ಯಾರ್ಥಿನಿಗೆ ಒಂದು ಮನೆಗೆಲಸವನ್ನೂ ಕೊಡಿ. ಆ ಮೂಲಸಂಖ್ಯೆಯ ಕೊನೆಯಲ್ಲಿ 9 ಮತ್ತು 1 ತಿರುವುಮುರುವಾಗಿವೆ ಎಂದೆನಲ್ಲ, ಅವು ಕ್ರಮವಾಗಿಯೇ ಇದ್ದಿದ್ದರೆ ಮೂಲ 546372819 ಆಗುತ್ತಿತ್ತು. ಅದನ್ನು 9ರಿಂದ ಭಾಗಿಸಿದರೆ 60708091. ಅಂಕಿಗಳ ಮೊತ್ತ 31, ಇನ್ನು ಮೂರರಿಂದ ಭಾಗವಾಗದು. ಎರಡು ಅಂಕಿ ಅತ್ತಿತ್ತ ಆದದ್ದರಿಂದಲೇ ಆ ದೊಡ್ಡ ಸಂಖ್ಯೆಯಲ್ಲಿ ಮೂರರ ಘಾತ 46ರಿಂದ 69ಕ್ಕೆ ಏರಿದೆ. ಈ 60708091ಕ್ಕೆ ವರ್ಗಮೂಲ 7,792ರೊಳಗೆ ಇದೆ. 7, 11, 13, 17, 19 ಇವುಗಳಿಂದ ಅದು ಭಾಗವಾಗುವುದಿಲ್ಲ ಎಂಬುದನ್ನು ನಾನು ನೋಡಿದ್ದೇನೆ. 23ರಿಂದ ಮುಂದಕ್ಕೆ ಅವಳು ನೋಡಲಿ.